ಭೋಜ ಶೆಟ್ಟರ ಪ್ಲಾಟಿನಂ

೧೯೯೮ರ ದೀಪಾವಳಿಯವರೆಗೆ ಭೋಜ ಶೆಟ್ಟರ ಗಡ್ಡ ಕುಷ್ಟ ಭಂಡಾರಿಯ ಸೊತ್ತಾಗಿತ್ತು. ಅದು ಬೆಳೆಯುತ್ತಿದ್ದದ್ದು ಶೆಟ್ಟರ ಮುಖದ ಮೇಲೆ ಎಂಬುದು ನಿಜ. ಆದರೆ ಯಾವ ದಿನ ಕೊಯ್ಯಬೇಕು, ಎಷ್ಟು ಸಲ ನೊರೆ ಹಚ್ಚಬೇಕು, ಮೀಸೆಯ ಗಡಿ ಎಲ್ಲಿಗೆ ನಿಲ್ಲಬೇಕು ಎಂಬ ತೀರ್ಮಾನವೆಲ್ಲ ಇಪ್ಪತ್ತೆರಡು ವರ್ಷಗಳಿಂದ ಕುಷ್ಟನದೇ. ಸಾಲಿಗ್ರಾಮದ ಹೆದ್ದಾರಿ ಬದಿಯಲ್ಲಿ ಎಸ್‌ಟಿಡಿ ಬೂತಿಗೆ ತಾಗಿ ಅವನ ಅಂಗಡಿ. ಬುಧವಾರ ಮತ್ತು ಭಾನುವಾರ ಬೆಳಿಗ್ಗೆ ಶೆಟ್ಟರು ಆ ತಿರುಗುವ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರೆಂದರೆ, ಬಸ್ಸಿಗೆ ಕಾಯುವವರಿಗೆ ಅವರ ಗೊರಕೆ ಕೇಳಿ ಗಂಟೆ ಎಂಟಾಯಿತೆಂದು ಗೊತ್ತಾಗುತ್ತಿತ್ತು.

ಸುಲಭದ ಗಡ್ಡವೂ ಅಲ್ಲ ಅದು. ಕೂದಲು ತೆಂಗಿನ ನಾರಿನಷ್ಟು ಒರಟು, ಚರ್ಮ ಮಾತ್ರ ಎಳೆ ಬಾಳೆಲೆ. ಸ್ವಲ್ಪ ಒತ್ತಿದರೆ ರಕ್ತ, ಒತ್ತದಿದ್ದರೆ ಕೂದಲು ಅಲ್ಲೇ. ಆ ಇಕ್ಕಟ್ಟಿನಲ್ಲಿ ಕತ್ತಿ ಆಡಿಸಲು ಗೊತ್ತಿದ್ದವನು ಊರಿನಲ್ಲಿ ಕುಷ್ಟ ಒಬ್ಬನೇ.

ನಾನು ಮತ್ತು ಶೆಟ್ಟರು ಊರಿನ ಸಹಕಾರಿ ಸಂಘದಲ್ಲಿ ಪಕ್ಕಪಕ್ಕದ ಮೇಜಿನವರು. ಅವರದು ಗೊಬ್ಬರ, ನನ್ನದು ಬೀಜ. ಮುಂದೆ ನಡೆದ ಅನಾಹುತಕ್ಕೆ ಬೀಜ ಹಾಕಿದವನೂ ನಾನೇ ಎಂದು ಆಮೇಲೆ ಅನೇಕರು ಹೇಳಿದರು. ಅದರಲ್ಲಿ ಸ್ವಲ್ಪ ಸತ್ಯ ಇದೆ.

ಆ ದೀಪಾವಳಿಗೆ ಶೆಟ್ಟರ ಹೆಂಡತಿ ಪ್ರಫುಲ್ಲಕ್ಕನ ತಮ್ಮ ಅಜಿತ್ ಮುಂಬೈಯಿಂದ ಬಂದವನು ಭಾವನಿಗೆಂದು ಒಂದು ತೂಕದ ರೇಜರು, ಜೊತೆಗೆ ಹತ್ತು ಪೊಟ್ಟಣ ಬ್ಲೇಡು ತಂದಿದ್ದ. ಅಲ್ಲಿಯವರೆಗೆ ಶೆಟ್ಟರ ಮನೆಯಲ್ಲಿ ಬ್ಲೇಡು ಎಂದರೆ ಪೆನ್ಸಿಲ್ ಚೂಪು ಮಾಡುವ, ಉಪ್ಪುಗಾಳಿಗೆ ಎರಡೇ ದಿನದಲ್ಲಿ ತುಕ್ಕು ಹಿಡಿಯುವ ಕಬ್ಬಿಣದ ತುಂಡು. ತುಕ್ಕು ಹಿಡಿಯದಿರಲಿ ಎಂದು ತೆಂಗಿನೆಣ್ಣೆ ಸವರಿಡುವುದು, ಮೊಂಡಾದರೆ ಗಾಜಿನ ಲೋಟದ ಒಳಮೈಗೆ ಉಜ್ಜಿ ಹರಿತ ಮಾಡುವುದು, ಇದೆಲ್ಲ ಆಗ ಎಲ್ಲ ಮನೆಗಳಲ್ಲೂ ಇದ್ದ ವಿದ್ಯೆ. ಹೊಸ ಬ್ಲೇಡು ಹಾಗಿರಲಿಲ್ಲ. ಮುಖದ ಮೇಲೆ ಇಟ್ಟದ್ದೊಂದೇ ಗೊತ್ತು, ದೋಣಿ ಮರಳಿನಿಂದ ನೀರಿಗಿಳಿದ ಹಾಗೆ ಸರಿದು ಹೋಯಿತಂತೆ. ಶೆಟ್ಟರು ಪೊಟ್ಟಣವನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿದರು. ಮರುದಿನ ನನ್ನ ಮೇಜಿಗೆ ಬಗ್ಗಿದರು.

"ರವಿ, ಪ್ಲಾಟಿನಂ ಅಂದ್ರೆ ಎಂತದಾ?"

ತಿಳಿದವನಂತೆ ಕಾಣಿಸಿಕೊಳ್ಳುವ ಚಪಲ ನನಗೂ ಇತ್ತು. "ಬಂಗಾರಕ್ಕಿಂತ ದುಬಾರಿ ಲೋಹ, ಭೋಜಣ್ಣ. ನಮ್ಮ ನಿಮ್ಮಂಥವ್ರ್ ಕಾಂಬುಕೂ ಸಿಕ್ಕುದಿಲ್ಲ" ಎಂದೆ.

ಶೆಟ್ಟರು ಗಲ್ಲವನ್ನು ಮೆಲ್ಲಗೆ ಸವರಿಕೊಂಡರು. "ನಂಗ್ ಸಿಕ್ಕಿತ್ತ್" ಎಂದರು.

ಭಾನುವಾರ ಅವರು ಕುಷ್ಟನ ಅಂಗಡಿಗೆ ಹೋದದ್ದು ಗಡ್ಡ ತೆಗೆಸಲು ಅಲ್ಲ, ತೆಗೆದ ಗಡ್ಡ ತೋರಿಸಲು. ಆ ಕಾಲಕ್ಕೆ ಕುಷ್ಟನ ಅಂಗಡಿಯಲ್ಲೂ 'ಪ್ರತಿಯೊಬ್ಬರಿಗೂ ಹೊಸ ಬ್ಲೇಡ್' ಎಂಬ ಬೋರ್ಡು ಬಂದಿತ್ತು. ಒಂದು ಬ್ಲೇಡನ್ನು ಕಾಗದದೊಳಗೇ ಮುರಿದು ಎರಡು ಮಾಡಿ, ಅರ್ಧವನ್ನು ಕತ್ತಿಯ ಹಿಡಿಗೆ ಸಿಕ್ಕಿಸುತ್ತಿದ್ದ. ಶೆಟ್ಟರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದ್ ಬರೀ ಕಬ್ಣ ಕುಷ್ಟ. ನಂದ್ ಪ್ಲಾಟಿನಂ ಕೋಟೆಡ್."

"ಕೋಟದ್ದಾ?" ಪಕ್ಕದ ಕೋಟ ಊರಿನದೆಂದು ತಿಳಿದು ಕುಷ್ಟ ಆಶ್ಚರ್ಯಪಟ್ಟ. "ಕೋಟ ಇಲ್ಲೇ ಅತ್ಲಾಯಿ ಆಯ್ತಲೆ ಶೆಟ್ರೆ. ಅಲ್ಲಿ ಬ್ಲೇಡ್ ಮಾಡ್ತ್ರ್ ಅಂದೇ ನಂಗೊತ್ತಿಲ್ಲೆ. ಮುಂಬೈಂದ ಎಂತಕ್ ತರ್ಸುದ್?"

"ಕೋಟ ಅಲ್ಲ ಮಾರಾಯ, ಕೋಟಿಂಗ್! ಬ್ಲೇಡಿನ ಮೇಲೆ ಪ್ಲಾಟಿನಂ ಕೋಟ್ ಹಾಕಿರ್."

"ಬ್ಲೇಡಿಗೂ ಕೋಟಾ? ಈ ಶೆಕಿಗೆ ನಮ್ಗೇ ಅಂಗಿ ಮೈಯಂಗೆ ನಿಲ್ತಿಲ್ಲೆ."

ಕಾಯುತ್ತಿದ್ದ ಐದು ಜನರೂ ನಕ್ಕರು. ಐದರಲ್ಲಿ ಒಬ್ಬ ನಕ್ಕಿದ್ದರೆ ಶೆಟ್ಟರು ತಡೆದುಕೊಳ್ಳುತ್ತಿದ್ದರೇನೋ. "ಇನ್ ಮೇಲೆ ನಿನ್ನ ಅಂಗ್ಡಿಗ್ ಬತ್ತಿಲ್ಲೆ" ಎಂದು ಹೊರಟರು.  ಕುಷ್ಟ, ಶೆಟ್ಟರಿಗೆಂದು ಬೇರೆಯೇ ಇಟ್ಟಿದ್ದ, ಮುಖ ಒರೆಸುವ ಹಸಿರು ಅಂಚಿನ ಬೈರಾಸನ್ನು ಮಡಚಿ ಕಪಾಟಿನೊಳಗೆ ಇಟ್ಟ.

ಒಂದು ವಾರ ಸುಖವಾಗಿ ಕಳೆಯಿತು. ಶೆಟ್ಟರು ದಿನಾ ಗಡ್ಡ ಮಾಡಿಕೊಂಡು ಬಂದು ನನಗೆ ವರದಿ ಕೊಡುತ್ತಿದ್ದರು. ಮೊದಲ ದಿನ ಬ್ಲೇಡಿಗೆ ಸ್ವಲ್ಪ ಗರ್ವ, ಎರಡನೇ ಮೂರನೇ ದಿನ ಬೆಣ್ಣೆ, ಐದನೇ ದಿನ ತಡವರಿಕೆ, ಎಂಟನೇ ದಿನ ಕೂದಲನ್ನು ಕೊಯ್ಯುವ ಬದಲು ಕೀಳುತ್ತದೆ. ಇಲ್ಲಿಗೆ ನಿಂತಿದ್ದರೆ ಅವರೊಬ್ಬ ಸಂಶೋಧಕ ಎನ್ನಬಹುದಿತ್ತು. ಎಂಟನೇ ದಿನ ಅವರಿಗೊಂದು ಪ್ರಶ್ನೆ ಬಂತು.

"ಅಲ್ಲ ರವಿ, ಜಾರುದ್ ನಿಂತಿತ್ತ್ ಅಂದ್ರೆ ಕೋಟ್ ಬಿಟ್ಟ್ ಹೋಯ್ತ್. ಬಿಟ್ಟ ಪ್ಲಾಟಿನಂ ಎಲ್ಲಿಗ್ ಹೋಯ್ತ್?"

ನಾನು ಬೀಜದ ಚೀಲ ಎಣಿಸುತ್ತಿದ್ದೆ. "ಅರ್ಧ ಬ್ಲೇಡಂಗೇ ಇಕ್ಕ್, ಅರ್ಧ ನೀರಂಗೆ ಹೋಯಿಕ್ಕ್" ಎಂದುಬಿಟ್ಟೆ.

ಮರುದಿನದಿಂದ ಶೆಟ್ಟರು ಗಡ್ಡದ ನೀರನ್ನು ಚೆಲ್ಲುವುದು ಬಿಟ್ಟರು. ಬಾವಿಕಟ್ಟೆಯ ಬಳಿ ಒಂದು ಮಣ್ಣಿನ ಮಡಕೆ, ಅದರೊಳಗೆ ನೊರೆ ನೀರು, ಬಾಯಿಗೆ ತಟ್ಟೆ. ಮೊಂಡು ಬ್ಲೇಡುಗಳಿಗೆ ಬಿಸ್ಕತ್ತಿನ ತಗಡಿನ ಡಬ್ಬಿ. ನಾಲ್ಕನೇ ದಿನ ಪಕ್ಕದ ಮನೆಯ ಚಂದ್ರಮತಿ ನೀರಿಗೆ ಬಂದವಳು ತಟ್ಟೆ ಎತ್ತಿದಳು.

"ಪ್ರಫುಲ್ಲಕ್ಕ! ಈ ಮಡ್ಕಿಯಂಗೆ ಕೂದ್ಲ್ ಇತ್ತಲೆ!"

"ಅದ್ ನಮ್ಮನೆ ಇವ್ರ್ ಗಡ್ಡದ್ ನೀರ್."

"ಗಡ್ಡದ್ ನೀರ್ ಮುಚ್ಚಿಡುಕೆ ಅದೆಂತ ಮಜ್ಜಿಗಿಯಾ?"

ಪ್ರಫುಲ್ಲಕ್ಕನಿಗೂ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಗಂಡ "ಕಾಂತಾ ಇರ್" ಎಂದಷ್ಟೇ ಹೇಳಿದ್ದರು. ಉತ್ತರ ಇಲ್ಲದ ಕಡೆ ಚಂದ್ರಮತಿ ತಾನೇ ಒಂದು ತಯಾರು ಮಾಡಿಕೊಳ್ಳುವವಳು. ಕೂದಲು, ಮಡಕೆ, ಬ್ಲೇಡು: ಮಾಟಕ್ಕೆ ಇನ್ನೇನು ಬೇಕು? ಅದೇ ಹೊತ್ತಿಗೆ ಶೆಟ್ಟರು, ತನ್ನೊಬ್ಬನ ಬ್ಲೇಡಿನಿಂದ ಇದು ಎಂದಿಗೂ ಪೂರೈಸದು ಎಂದು, ಮನೆ ಮನೆಗೆ ಹೋಗಿ "ನಿಮ್ಮಲ್ಲಿ ಹಳೇ ಬ್ಲೇಡ್ ಇದ್ರೆ ಕೊಡಿ ಮಾರಾಯ್ರೆ, ತೊಳಿಬೇಡಿ, ಹಾಂಗೇ ಕೊಡಿ" ಎಂದು ಕೇಳತೊಡಗಿದರು. ಆ 'ತೊಳಿಬೇಡಿ' ಎಂಬ ಒಂದು ಮಾತು ಊರನ್ನೇ ನಡುಗಿಸಿತು. ತಮ್ಮ ಕೂದಲಂಟಿದ ಬ್ಲೇಡು ಶೆಟ್ಟರ ಕೈಗೆ ಸಿಕ್ಕದಿರಲಿ ಎಂದು ಜನ ಅದನ್ನು ತೆಂಗಿನ ಬುಡದಲ್ಲಿ ಹೂತರು. ಚಂದ್ರಮತಿಯ ಗಂಡ ಗಡ್ಡ ತೆಗೆಯುವುದನ್ನೇ ನಿಲ್ಲಿಸಿ, ಯಾವ ಹರಕೆ ಎಂದು ಕೇಳಿದವರಿಗೆಲ್ಲ ಒಂದೊಂದು ದೇವರ ಹೆಸರು ಹೇಳಿದ. ಸಾಲಿಗ್ರಾಮದಲ್ಲಿ ಬ್ಲೇಡಿನ ಫಸಲು ಪೂರ್ತಿ ನೆಲಕಚ್ಚಿತು.

ಕ್ಷೌರದ ಅಂಗಡಿಗಳಲ್ಲಿ ದಿನಕ್ಕೆ ಮೂವತ್ತು ಅರ್ಧ ಬ್ಲೇಡು ಬೀಳುತ್ತದೆ. ಕುಷ್ಟನ ಅಂಗಡಿಯ ಮೂಲೆಯಲ್ಲೂ ಒಂದು ಡಬ್ಬಿ ತುಂಬಿ ಕೂತಿತ್ತು. ಆದರೆ ಆ ಬಾಗಿಲಿಗೆ ಹೋಗುವ ಮುಖ ಎಲ್ಲಿತ್ತು? ಹಾಗಾಗಿ ಶೆಟ್ಟರು ಪ್ರತಿ ಭಾನುವಾರ ಬಸ್ ಹತ್ತಿದರು. ಒಂದು ವಾರ ತೆಂಕಿಗೆ ಬ್ರಹ್ಮಾವರ, ಒಂದು ವಾರ ಬಡಗು ದಿಕ್ಕಿಗೆ ಕುಂದಾಪುರ, ಇನ್ನೊಂದು ವಾರ ಬೈಂದೂರು. ಕೇಳಿದವರಿಗೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎಂದರು.

ಬ್ಲೇಡು ಕೇಳಲು ಹೋದವರಿಗೆ ಕ್ಷೌರಿಕರು ಬ್ಲೇಡಿನ ಜೊತೆಗೆ ಜ್ಞಾನವನ್ನೂ ಕೊಟ್ಟರು. ಬ್ರಹ್ಮಾವರದ ಹಿರಿಯನೊಬ್ಬ, ಕೆಲವು ಬ್ಲೇಡಿನ ಅಂಚಿಗೆ ದೋಸೆ ಅಂಟದ ಹೊಸ ಕಾವಲಿಗೆ ಹಚ್ಚುತ್ತಾರಲ್ಲ, ಅದನ್ನೇ ಹಚ್ಚುತ್ತಾರೆ, ಅದಕ್ಕೇ ಅದು ಜಾರುವುದು ಎಂದ. ಕುಂದಾಪುರದ ಪಕ್ಕದ ಕೋಡಿಯ ಅಂಗಡಿಯವನು, ಕಡಲಿಗೆ ಹೋಗುವವರ ಗಡ್ಡದಲ್ಲಿ ಉಪ್ಪು ಕೂತಿರುತ್ತದೆ, ನುಣುಪು ಬ್ಲೇಡು ಅಲ್ಲಿ ಸುಮ್ಮನೆ ಜಾರಿ ಹೋಗುತ್ತದೆ, ಅವರಿಗೆ ಗರಗರ ಎನ್ನುವ ಬರೀ ಉಕ್ಕೇ ಇಷ್ಟ ಎಂದ. ಬೈಂದೂರಿನವನ ಪ್ರಕಾರ ಮಾಸ್ಟರುಗಳಿಗೆ ಪ್ಲಾಟಿನಂ, ಮದುಮಕ್ಕಳಿಗೆ ಅದಕ್ಕಿಂತ ಹರಿತದ್ದು, ಸಾಲಗಾರರಿಗೆ ಯಾವುದಾದರೂ ಆದೀತು. ಶೆಟ್ಟರು ಎಲ್ಲವನ್ನೂ ಗೊಬ್ಬರದ ಹಳೇ ರಶೀದಿಗಳ ಬೆನ್ನಿಗೆ ಬರೆದುಕೊಂಡರು. ಇಷ್ಟೆಲ್ಲ ತಿಳಿದರೂ ಅವರ ಸ್ವಂತ ಮುಖ ಮಾತ್ರ ದಿನದಿಂದ ದಿನಕ್ಕೆ ಕೆಡುತ್ತಿತ್ತು. ಮೊಂಡು ಬ್ಲೇಡಿನ ಕೊನೆಯ ಚೂರು ಪ್ಲಾಟಿನಮ್ಮೂ ಹಾಳಾಗಬಾರದೆಂದು ಅವರು ಕನ್ನಡಿಯ ಮುಂದೆ ಕೆರೆಯುತ್ತಿದ್ದರು. ಗದ್ದದ ತುಂಬ, ರಕ್ತ ನಿಲ್ಲಿಸಲು ಉಜ್ಜಿದ ಪಟಿಕದ ಬಿಳಿ ಚುಕ್ಕೆ.

ಮಾರ್ಚಿನ ಒಂದು ಭಾನುವಾರ "ಕಡಲು ಕಂಡ್ ಬಪ್ಪ" ಎಂದು ನನ್ನನ್ನೂ ಬೈಂದೂರಿಗೆ ಕರೆದೊಯ್ದರು. ಕಡಲು ಕಾಣಲಿಲ್ಲ, ಮೂರು ಕ್ಷೌರದ ಅಂಗಡಿ ಕಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಯಡ್ತರೆ ದಾಟುವಷ್ಟರಲ್ಲಿ ಒಬ್ಬ ಅಕ್ಕಿ ವ್ಯಾಪಾರಿ "ನನ್ನ ಪರ್ಸ್! ಕಿಸಿ ಹರ್ದಿತ್ತ್!" ಎಂದು ಬೊಬ್ಬೆ ಹಾಕಿದ. ಕಂಡಕ್ಟರ್ ಎರಡೂ ಬಾಗಿಲು ಹಾಕಿಸಿ, ದಾರಿಯಲ್ಲಿ ಸಿಕ್ಕಿದ ಠಾಣೆಯ ಮುಂದೆ ಬಸ್ ನಿಲ್ಲಿಸಿದ. ಯಾವ ಠಾಣೆ ಎಂದು ಹೇಳುವುದಿಲ್ಲ. ಅವರು ನಮಗೆ ಚಾ ಕೊಟ್ಟಿದ್ದಾರೆ.

ಮೊದಲ ಹತ್ತು ಜನರ ಚೀಲದಲ್ಲಿ ತರಕಾರಿ. ಹನ್ನೊಂದನೆಯದು ಶೆಟ್ಟರ ಚೀಲ. ಕಾನ್‌ಸ್ಟೇಬಲ್ ಡಬ್ಬಿಯನ್ನು ಮೇಜಿನ ಮೇಲೆ ಕವುಚಿದಾಗ ಒಂಬೈನೂರು ಅರ್ಧ ಬ್ಲೇಡು ಮಳೆ ಸುರಿದ ಹಾಗೆ ಸುರಿದವು. ಅಕ್ಕಿ ವ್ಯಾಪಾರಿ ಎರಡು ಹೆಜ್ಜೆ ಹಿಂದೆ ಸರಿದ.

ಸಬ್ ಇನ್‌ಸ್ಪೆಕ್ಟರು ಧಾರವಾಡ ಕಡೆಯವರು, ಹೊಸದಾಗಿ ಬಂದವರು. "ಏನ್ರೀ ಇದು? ಇಷ್ಟ್ ಬ್ಲೇಡ್ ತಗೊಂಡು ಏನ್ ಮಾಡ್ತೀರಿ?"

"ಸಾರ್, ಇದ್ರಂಗೆ ಪ್ಲಾಟಿನಂ ಇತ್ತ್."

"ಪ್ಲಾಟಿನಮ್ಮಾ?" ಅವರು ನೆಟ್ಟಗೆ ಕೂತರು. "ಯಾರ ಮನೀದು?"

"ಎಲ್ಲರದ್ದೂ ಇತ್ತ್ ಸಾರ್. ಬ್ರಹ್ಮಾವರದ್, ಕೋಡಿದ್, ಈಗ ಬೈಂದೂರಿಂದ್."

"ಬರಕೋರಿ," ಎಂದರು ಅವರು ಹೆಡ್ ಕಾನ್‌ಸ್ಟೇಬಲ್ಲಿಗೆ. "ಮೂರ್ ಊರಾಗ ಕೈ ಆಡಿಸ್ಯಾನ. ಎಷ್ಟ್ ದಿನದಿಂದ ಈ ಕೆಲಸ?"

"ದೀಪಾವಳಿಯಿಂದ ಸಾರ್. ಭಾನುವಾರ ಮಾತ್ರ. ಉಳ್ದ ದಿನ ಗೊಬ್ರ ಮಾರ್ತೆ."

"ಮಾರಿ ಮ್ಯಾಲಿನ ಗಾಯ ಯಾರ್ ಮಾಡಿದ್ದು?"

"ನಾನೇ ಸಾರ್. ದಿನಾ ಮಾಡ್ಕಂತೆ."

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿ "ಇವರು?" ಎಂದರು. ನಾನು ಬೀಜದ ವಿಭಾಗ ಎಂದೆ. ಅದನ್ನೂ ಬರೆದುಕೊಂಡರು. ಆಮೇಲೆ, ಊರಿನಲ್ಲಿ ನಿಮ್ಮನ್ನು ಬಲ್ಲವರು ಯಾರಾದರೂ ಇದ್ದರೆ ಕರೆಸಿ ಎಂದರು.  ಠಾಣೆಗೆ ಹೋದ ಸುದ್ದಿ ಸಂಘದ ಅಧ್ಯಕ್ಷರಿಗೆ ಮುಟ್ಟಿದರೆ ಶೆಟ್ಟರ ಕೆಲಸ ಹೋಗುತ್ತಿತ್ತು, ಚಂದ್ರಮತಿಗೆ ಮುಟ್ಟಿದರೆ ಮಾನ. ನನಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು, ಕುಷ್ಟನ ಅಂಗಡಿ ಪಕ್ಕದ ಎಸ್‌ಟಿಡಿ ಬೂತಿನದು. "ಅವನಿಗ್ ಮಾತ್ರ ಬೇಡ" ಎಂದು ಶೆಟ್ಟರು ಅಂಗಲಾಚಿದರು. ನಾನು ಫೋನು ಮಾಡಿದೆ.

ಒಂದೂಕಾಲು ಗಂಟೆಯಲ್ಲಿ ಠಾಣೆಯ ಮುಂದೆ ತೆಂಗಿನಕಾಯಿ ಟೆಂಪೋ ಒಂದು ಧೂಳೆಬ್ಬಿಸಿ ನಿಂತಿತು. ಕುಷ್ಟ ಇಳಿದ. ಹೆಗಲ ಮೇಲೆ ಬೈರಾಸು, ಕೈಯಲ್ಲಿ ಕ್ಷೌರದ ಪೆಟ್ಟಿಗೆ. ಡ್ರೈವರ್ ಸೀಟಿನಿಂದ ಇಳಿದವನು ಕಾಯಿ ವ್ಯಾಪಾರದ ಬಚ್ಚ ಪೂಜಾರಿ. ಅವನ ಬಲಗೆನ್ನೆ ನುಣುಪಾಗಿತ್ತು, ಎಡಗೆನ್ನೆಯಲ್ಲಿ ವಾರದ ಗಡ್ಡ ಮತ್ತು ಒಣಗಿದ ನೊರೆ. ಫೋನು ಬಂದಾಗ ಕುಷ್ಟನ ಕುರ್ಚಿಯಲ್ಲಿ ಕೂತಿದ್ದವನು ಅವನೇ, ಟೆಂಪೋ ಇದ್ದದ್ದೂ ಅವನೊಬ್ಬನಿಗೇ.

ಕುಷ್ಟ ಇನ್‌ಸ್ಪೆಕ್ಟರನ್ನು ನೋಡಲೇ ಇಲ್ಲ. ನೇರ ಶೆಟ್ಟರ ಬಳಿ ಬಂದು ಗದ್ದ ಎತ್ತಿ ಹಿಡಿದ. "ಅಯ್ಯೋ ದೇವ್ರೆ! ಇದೆಂತ ಮಾಡ್ಕಂಡ್ರಿ ಮಾರಾಯ್ರೆ! ಇಪ್ಪತ್ತೆರ್ಡ್ ವರ್ಷ ನಾನ್ ಕಾಪಾಡಿದ್ ಮೋರಿ!"

"ಇವರು ನಿಮಗ ಗೊತ್ತೇನ್ರಿ?" ಎಂದರು ಇನ್‌ಸ್ಪೆಕ್ಟರು.

"ಸಾರ್, ಇವ್ರ್ ಕುತ್ತಿಗಿ ಮೇಲೆ ವಾರಕ್ಕೆರ್ಡ್ ಸಲ ಕತ್ತಿ ಇಟ್ಟವ ನಾನ್. ಕತ್ತಿ ಇಟ್ಟ್ ಕೂಡ್ಲೇ ಗೊರ್ಕಿ ಹೊಡಿತ್ರ್. ಕಳ್ಳನಾದವ್ನಿಗೆ ಕುತ್ತಿಗಿ ಮೇಲೆ ಕತ್ತಿ ಇದ್ರೆ ನಿದ್ರಿ ಬತ್ತತ್ತಾ, ನೀವೇ ಹೇಳಿ."

 ಇನ್‌ಸ್ಪೆಕ್ಟರು ಓದಿದ ಯಾವ ಕಾನೂನಿನಲ್ಲೂ ಈ ಸಾಕ್ಷ್ಯಕ್ಕೆ ಉತ್ತರ ಇರಲಿಲ್ಲ. "ಹಂಗಾದ್ರ ಪ್ಲಾಟಿನಮ್?" ಎಂದರು. ಆಗ ಶೆಟ್ಟರು ಎಲ್ಲ ಹೇಳಿದರು. ಮಡಕೆಯ ನೀರು, ಎಂಟನೇ ದಿನ, ಕಾವಲಿ, ಉಪ್ಪಿನ ಗಡ್ಡ, ರಶೀದಿಯ ಬೆನ್ನು. ಮುಗಿಯುವಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟು ತನ್ನ ಗದ್ದ ಮುಟ್ಟಿ ನೋಡಿಕೊಳ್ಳುತ್ತಿದ್ದ. ಇನ್‌ಸ್ಪೆಕ್ಟರು ಕಾಲರ್ ಸಡಿಲಿಸಿದರು. ಕುತ್ತಿಗೆಯಲ್ಲಿ ಕೆಂಪು ಗುಳ್ಳೆಗಳ ಸಾಲು.

"ಡ್ಯೂಟಿಗೆ ದಿನಾ ಗಡ್ಡ ಮಾಡ್ಕೋಬೇಕ್ರಿ. ಬೆಂಕಿ ಹಚ್ಚಿದಂಗ ಉರೀತದ. ನನಗ ಯಾವ್ ಬ್ಲೇಡ್ ಛಲೋ?"

ಶೆಟ್ಟರು ತಾನು ಆರೋಪಿ ಎಂಬುದನ್ನು ಮರೆತರು. "ಕೋಟಿಂಗ್ ಇದ್ದದ್ದೇ ತಕಣಿ ಸಾರ್. ಮೊದ್ಲ್ ದಿನ ಕೆನ್ನಿಗ್ ಮಾತ್ರ, ಗರ್ವ ಇಳ್ದ್ ಮೇಲೆ ಕುತ್ತಿಗಿ. ಐದನೇ ದಿನಕ್ಕ್ ಬಿಸಾಡಿ."

"ಬಿಸ್ನೀರಿನ ಬೈರಾಸ್ ಎರ್ಡ್ ನಿಮಿಷ ಇಡ್ದೆ ಯಾವ ಕೋಟ್ ಹಾಕ್ರೂ ಅಷ್ಟೇ" ಎಂದ ಕುಷ್ಟ.

"ಬಿಸ್ನೀರ್ ಬ್ಲೇಡನ್ನ ಜಾರ್ಸ್ತತ್ತಾ?"

"ಬ್ಲೇಡ್ ಕೂದ್ಲನ್ನ ಮೆತ್ತಗ್ ಮಾಡ್ತತ್ತಾ?"

"ಹ್ವಾಯ್!" ಎಂದು ಬಚ್ಚ ಪೂಜಾರಿ ಕೂಗಿದ. "ನನ್ನ ಅರ್ಧ ಗಡ್ಡ ಮುಗ್ಸಿ ಕಡೆಗ್ ಜಗಳ ಮಾಡಿ ಮಾರಾಯ್ರೆ! ಹೆಂಡ್ತಿ ತಮ್ಮನ ಮನೆ ಊಟಕ್ಕ್ ಹೋಪುಕಿತ್ತ್!"

ಠಾಣೆಯ ಜಗಲಿಯ ಬೆಂಚಿನಲ್ಲಿ ಅವನನ್ನು ಕೂರಿಸಿ ಕುಷ್ಟ ನೊರೆ ಹಚ್ಚಿದ. ಪೆಟ್ಟಿಗೆ ತೆರೆದರೆ ಗಡಿಬಿಡಿಯಲ್ಲಿ ಬ್ಲೇಡಿನ ಪೊಟ್ಟಣವನ್ನೇ ತಂದಿರಲಿಲ್ಲ. ಶೆಟ್ಟರು ಮೆಲ್ಲಗೆ ಅಂಗಿಯ ಕಿಸೆಯಿಂದ ಒಂದು ಹೊಸ ಬ್ಲೇಡು ತೆಗೆದು ಚಾಚಿದರು. ಕುಷ್ಟ ಅದನ್ನು ತೆಗೆದುಕೊಂಡ. ಮುರಿದು ಹಿಡಿಗೆ ಸಿಕ್ಕಿಸಿ ಕಿವಿಯಿಂದ ಗದ್ದದವರೆಗೆ ಒಂದೆಳೆತ ಎಳೆದ. ನಿಂತ. ಇನ್ನೊಂದೆಳೆತ.

"ಜಾರ್ತತ್ ಅಲ್ದಾ?" ಎಂದರು ಶೆಟ್ಟರು.

"ಜಾರ್ತತ್" ಎಂದ ಕುಷ್ಟ. ಬಚ್ಚನ ಕೆನ್ನೆ ಮುಗಿಸಿ, ಕತ್ತಿ ತೊಳೆದು, ಬ್ಲೇಡಿನ ಉಳಿದರ್ಧ ಸಿಕ್ಕಿಸಿ, ಶೆಟ್ಟರಿಗೆ ಬೆಂಚು ತೋರಿಸಿದ. "ಈಗ ನೀವ್ ಕೂಕಣಿ."

ಶೆಟ್ಟರು ಕೂತರು. ಇನ್‌ಸ್ಪೆಕ್ಟರ ಕಣ್ಣೆದುರೇ, ಎರಡನೇ ಎಳೆತಕ್ಕೆ, ಗೊರಕೆ ಕೇಳಿಸಿತು. ಅಲ್ಲಿಗೆ ಸಾಕ್ಷ್ಯ ಪೂರ್ತಿಯಾಯಿತು. ಅಕ್ಕಿ ವ್ಯಾಪಾರಿ ಬೇಸರದಿಂದ ಬಿಸಿಲಿಗೆ ಹೊರಟವನು ಕೊಡೆ ಬಿಚ್ಚಿದ. ಹರಿದ ಕಿಸೆಯಿಂದ ಕೊಡೆಯ ಮಡಿಕೆಗೆ ಜಾರಿ ಬಿದ್ದಿದ್ದ ಪರ್ಸು ಅವನ ತಲೆಯ ಮೇಲೆ ಬಿತ್ತು.

ಹಿಂದಿರುಗುವ ದಾರಿಯಲ್ಲಿ ಕುಂದಾಪುರದಲ್ಲಿ ಟೆಂಪೋ ನಿಲ್ಲಿಸಿ, ಕುಷ್ಟ ತನ್ನ ಗುರುತಿನ ಅಕ್ಕಸಾಲಿ ಗಣಪ ಆಚಾರಿಯ ಮನೆಗೆ ನಮ್ಮನ್ನು ಕರೆದುಕೊಂಡು ಹೋದ. ಆಚಾರಿ ಒಂದು ಬ್ಲೇಡನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಊದಿದರು. ಅದು ನೀಲಿಯಾಯಿತು, ಕಪ್ಪಾಯಿತು, ಅಷ್ಟೇ.

"ಶೆಟ್ರೆ, ಇತ್ತ್. ಇಲ್ಲ ಅಂಬುಕಾಗ. ಆರೆ ಮೀನ್ ತಿಂದ್ ಕೈ ತೊಳ್ದ್ ಮೇಲೆ ಕೈಯಂಗೆ ವಾಸ್ನಿ ಇರತ್ತಲ, ಅಷ್ಟ್ ಇತ್ತ್. ವಾಸ್ನಿ ಕಾಸಿ ಮೀನ್ ಮಾಡುಕಾತ್ತಾ?" ಆಮೇಲೆ ಕೇಳಿದರು: "ಸಿಕ್ಕಿದ್ರೆ ಎಂತ ಮಾಡ್ಸುಕಿದ್ದಿತ್ತ್?"

ಶೆಟ್ಟರು ನೆಲ ನೋಡಿದರು. ಮದುವೆಯಾದ ವರ್ಷ ಕೋಡಿಯ ಕಡಲಿಗೆ ಹೋಗಿದ್ದಾಗ ತಾನು ಆಟಕ್ಕೆ ನೀರೆರಚಿದ್ದು, ಪ್ರಫುಲ್ಲ ಮುಖ ಒರೆಸಿಕೊಳ್ಳುವಾಗ ತಾಯಿ ಮನೆಯ ಮೂಗುಬಟ್ಟು ಕಳಚಿ ಅಲೆಗೆ ಹೋದದ್ದು, ಅವಳು ಒಂದು ಮಾತೂ ಆಡದೆ ಹತ್ತೊಂಬತ್ತು ವರ್ಷ ಕಳೆದದ್ದು, ಎಲ್ಲವನ್ನೂ ತಡೆದು ತಡೆದು ಹೇಳಿದರು. "ಬಂಗಾರದ್ದಾರೆ ಯಾರೂ ಕೊಡ್ಸ್ತ್ರ್. ಇದ್ ಊರಂಗೇ ಯಾರಿಗೂ ಇಲ್ಲೆ ಅಂದ್ಕಂಡೆ." ಕುಷ್ಟ ಹೊರಗೆ ಹೋಗಿ ಟೆಂಪೋದ ಚಕ್ರ ಒದ್ದು ನೋಡಿದ. ಅದರಲ್ಲಿ ಗಾಳಿ ಸರಿಯಾಗಿಯೇ ಇತ್ತು.

ಮನೆಯಲ್ಲಿ ಪ್ರಫುಲ್ಲಕ್ಕ ಎಲ್ಲ ಕೇಳಿ, ಮೊದಲು ಮಡಕೆಯ ನೀರನ್ನು ದೂರ ಚೆಲ್ಲಿ ಬಂದರು. ಬಂದು ಮೂಗು ಮುಂದೆ ಮಾಡಿ ತೋರಿಸಿದರು.

"ಕಾಣಿ. ತೂತ್ ಮುಚ್ಚಿ ಹದ್ನೈದ್ ವರ್ಷ ಆಯ್ತ್! ದಿನಾ ಎದ್ರೆದ್ರ್ ಕೂಕಂಡ್ ಗಂಜಿ ಉಂತ್ರಿ, ಅದ್ ಕಾಂಬುಕಾಯ್ಲಿಲ್ಯಾ ನಿಮ್ಗೆ?"

ಬೈದದ್ದು ಹೌದು, ಆದರೆ ಅರ್ಧದಲ್ಲೇ ನಗು ಬಂದು, ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದರು. ಆ ವಾರವಿಡೀ ಶೆಟ್ಟರಿಗೆ ಬೆಳಿಗ್ಗೆ ಗಂಜಿಯ ಜೊತೆ ತುಪ್ಪ ಸಿಕ್ಕಿತಂತೆ. ಬುಧವಾರ ಅವರು ಕುಷ್ಟನ ಕುರ್ಚಿಗೆ ವಾಪಸಾದರು. ಹಸಿರು ಅಂಚಿನ ಬೈರಾಸು ಕಪಾಟಿನಿಂದ ಹೊರಗೆ ಬಂತು. ಕುಷ್ಟ ಅವರಿಗೆ ಪ್ಲಾಟಿನಂ ಬ್ಲೇಡನ್ನೇ ಹಾಕುತ್ತಿದ್ದ, ಆದರೆ ಬೇರೆ ಗಿರಾಕಿಗಳೆದುರು ಅದನ್ನು 'ಕೋಟದ ಬ್ಲೇಡು' ಎಂದೇ ಕರೆಯುತ್ತಿದ್ದ.

ಈಗ ಆ ಅಂಗಡಿ ಇಲ್ಲ. ಹೆದ್ದಾರಿ ಅಗಲ ಮಾಡುವಾಗ ಎಸ್‌ಟಿಡಿ ಬೂತಿನ ಜೊತೆಗೇ ಹೋಯಿತು. ಕುಷ್ಟನ ಮಗ ಕುಂದಾಪುರದಲ್ಲಿ ಎ.ಸಿ. ಹಾಕಿದ ಸಲೂನು ಇಟ್ಟಿದ್ದಾನೆ, ಅಲ್ಲಿ ಡಬ್ಬಿ ಒತ್ತಿದರೆ ನೊರೆ ಬರುತ್ತದೆ. ೨೦೧೪ರ ಹೊತ್ತಿಗೆ ಕುಷ್ಟನ ಬಲಗೈ ನಡುಗಲು ಶುರುವಾಗಿ, ಚಮಚ ಹಿಡಿಯುವುದೂ ಕಷ್ಟವಾಯಿತು. ಮಗನಿಗೆ ಭಾನುವಾರ ಪುರುಸೊತ್ತಿಲ್ಲ. ಬೇರೆ ಯಾರ ಕೈಗೂ ಮುಖ ಕೊಡಲು ಕುಷ್ಟನಿಗೆ ಮನಸ್ಸಿಲ್ಲ.

ಕಳೆದ ವಾರ ನಾನು ಅವನನ್ನು ನೋಡಲು ಹೋದಾಗ ಜಗಲಿಯಲ್ಲಿ ಕುಷ್ಟ ಕುರ್ಚಿಯಲ್ಲಿ ಕೂತಿದ್ದ. ಸೊಸೆ ಸ್ವರ್ಣಲತಾ ತಂಬಿಗೆಯಲ್ಲಿ ಬಿಸಿನೀರು ತಂದಿಟ್ಟಳು. ನಿವೃತ್ತರಾದ ಭೋಜ ಶೆಟ್ಟರು, ಸೊಂಟಕ್ಕೆ ಬೈರಾಸು ಕಟ್ಟಿಕೊಂಡು, ಕುಷ್ಟನ ಮುಖಕ್ಕೆ ನೊರೆ ಹಚ್ಚಿ ಗಡ್ಡ ತೆಗೆಯುತ್ತಿದ್ದರು. ಪ್ರತಿ ಭಾನುವಾರವೂ ಬರುತ್ತಾರಂತೆ.

"ಇಲ್ಲಿ ಎರ್ಡ್ ಕೂದ್ಲ್ ಬಿಟ್ಟಿರಿ" ಎಂದ ಕುಷ್ಟ, ಎಡಗೈಯ ಹಿಂಬದಿಯಿಂದ ಕೆನ್ನೆ ಸವರಿ.

"ಎಲ್ಲಿತ್ತ್ ಮಾರಾಯ? ಕಾಂತಿಲ್ಲೆ."

"ಕನ್ನಡ್ಕ ಹಾಕಂಡ್ ಕಾಣಿ."

ಶೆಟ್ಟರು ನೊರೆಗೈಯಲ್ಲೇ ಕನ್ನಡಕ ಹಾಕಿಕೊಂಡರು. ಎರಡೂ ಗಾಜಿಗೆ ನೊರೆ ಮೆತ್ತಿತು. ಕುಷ್ಟನಿಗೆ ನಗು ತಡೆಯಲಾಗಲಿಲ್ಲ, ಭುಜ ಅಲುಗತೊಡಗಿತು. "ಅಲ್ಲಾಡ್ಬೇಡ! ಕೊಯ್ತತ್!" ಎಂದು ಗದರಿದ ಶೆಟ್ಟರಿಗೂ ನಗು ಬಂತು. ಇಬ್ಬರ ನಗುವೂ ನಿಲ್ಲುವವರೆಗೆ ಅವರು ರೇಜರನ್ನು ಮೇಲೆತ್ತಿ ಹಿಡಿದುಕೊಂಡೇ ನಿಂತರು.